ಸ್ಪ್ಯಾನಿಷರು ಅಜ್ಟೆಕ್, ಇಂಕಾ ರಾಜ್ಯಗಳನ್ನು ಹೇಗೆ ಕಂಡರು? ಅವರ ಬರಹವನ್ನು ಎಷ್ಟು ನಂಬಬಹುದು?

ಪ್ರಶ್ನೆ: ಮೆಕ್ಸಿಕೊ ಮತ್ತು ಪೆರುವನ್ನು ಗೆದ್ದ ಸ್ಪ್ಯಾನಿಷರು ಅಲ್ಲಿನವರನ್ನು ಅನಾಗರಿಕರೆಂದು ತಿಳಿದಿದ್ದರು ಅಂತ ಶಾಲೆಯಲ್ಲಿ ಓದಿದ್ದೆ. ಆದರೆ ಗೆದ್ದವನಾದ ಕೊರ್ಟೆಸ್ ಅಜ್ಟೆಕರ ರಾಜಧಾನಿಯನ್ನು ಸ್ಪೇನಿನ ದೊಡ್ಡ ನಗರಗಳಿಗೆ ಹೋಲಿಸಿ ಹೊಗಳಿದ್ದಾನೆ ಎಂದು ಈಚೆಗೆ ಓದಿದೆ. ಇವುಗಳಲ್ಲಿ ಯಾವುದು ಸರಿ? ಅಲ್ಲಿನ ಜನ ಸ್ಪ್ಯಾನಿಷರನ್ನು ದೇವರೆಂದು ನಂಬಿದ್ದು ನಿಜವೇ? ಗೆದ್ದವರು ಬರೆದಿಟ್ಟದ್ದರಲ್ಲಿ ಎಷ್ಟನ್ನು ನಂಬಬಹುದು?

ಉತ್ತರ: ಎರಡೂ ಸರಿ. ಎಷ್ಟೋ ಕಡೆ ಒಂದೇ ಪತ್ರದಲ್ಲಿ, ಒಂದೇ ವಾಕ್ಯದಲ್ಲಿ ಎರಡೂ ಸಿಗುತ್ತವೆ. ಇವರು ನಮ್ಮ ದೇವರನ್ನು ಅರಿಯದ ಅನಾಗರಿಕರು, ತಿಳಿದ ನಾಡುಗಳಿಂದ ದೂರ ಉಳಿದವರು, ಹಾಗಿದ್ದೂ ಎಲ್ಲದರಲ್ಲೂ ಇಷ್ಟೊಂದು ಅಚ್ಚುಕಟ್ಟು ಸಾಧಿಸಿರುವುದು ಅಚ್ಚರಿ ಎಂಬ ಅರ್ಥದ ಮಾತನ್ನು ಕೊರ್ಟೆಸನೇ ರಾಜನಿಗೆ ಬರೆದಿದ್ದಾನೆ. ಹೊಗಳಿಕೆಯನ್ನೋ ತೆಗಳಿಕೆಯನ್ನೋ ಬಿಡಿಯಾಗಿ ಎತ್ತಿಕೊಂಡರೆ ದಾರಿ ತಪ್ಪುತ್ತೇವೆ. ಬರೆದವನು ಯಾರಿಗೆ ಬರೆದ, ಆ ಹೊತ್ತಿನಲ್ಲಿ ಅವನಿಗೆ ಯಾವ ಹಕ್ಕು ಬೇಕಾಗಿತ್ತು ಎಂದು ಮೊದಲು ಕೇಳಬೇಕು. ಅಮೆರಿಕದ ರಾಜ್ಯಗಳು ಸ್ಪ್ಯಾನಿಷ್ ಬರಹಗಳಲ್ಲಿ ಒಮ್ಮೆ ಮಹಾಸಾಮ್ರಾಜ್ಯವಾಗಿ, ಇನ್ನೊಮ್ಮೆ ದಬ್ಬಾಳಿಕೆಯ ಕೂಟವಾಗಿ ಕಾಣುವುದಕ್ಕೆ ಮುಖ್ಯ ಕಾರಣ ಅಲ್ಲೇ ಇದೆ.

ಕೊರ್ಟೆಸನ ಪತ್ರದಿಂದಲೇ ಶುರುಮಾಡೋಣ. 1519ರ ಫೆಬ್ರವರಿಯಲ್ಲಿ ಅವನು ಕ್ಯೂಬಾದಿಂದ ಹೊರಟಾಗ ಅವನ ಕೈಯಲ್ಲಿದ್ದದ್ದು ಕರಾವಳಿಯನ್ನು ನೋಡಿ ಬರಲು, ವ್ಯಾಪಾರ ಮಾಡಲು ಕೊಟ್ಟ ಅಪ್ಪಣೆ. ನೆಲ ಗೆದ್ದು ನೆಲೆಸುವ ಅಧಿಕಾರ ಅದರಲ್ಲಿ ಇರಲಿಲ್ಲ. ಆ ಅಪ್ಪಣೆಯನ್ನೂ ಕ್ಯೂಬಾದ ಗವರ್ನರ್ ದಿಯೆಗೊ ವೆಲಾಸ್ಕೆಸ್ ಕೊನೆಯ ಗಳಿಗೆಯಲ್ಲಿ ಹಿಂದಕ್ಕೆ ಪಡೆಯಲು ನೋಡಿದ್ದ. ಕೊರ್ಟೆಸ್ ವೆರಾಕ್ರೂಸ್‌ನಲ್ಲಿ ಇಳಿದು, ತನ್ನ ಜನರಿಂದಲೇ ಒಂದು ಊರಿನ ಸಭೆ ಕಟ್ಟಿಸಿ, ಆ ಸಭೆಯ ಕೈಯಿಂದ ತನ್ನನ್ನೇ ನಾಯಕನಾಗಿ ನೇಮಿಸಿಕೊಂಡ. ವೆಲಾಸ್ಕೆಸನ ಕಣ್ಣಿಗೆ ಅವನು ದಂಗೆಕೋರ. 1520ರಲ್ಲಿ ಅವನನ್ನು ಹಿಡಿದು ತರಲು ಪಾನ್ಫಿಲೊ ದೆ ನಾರ್ವಾಯೆಸ್ ಎಂಬ ದಂಡನಾಯಕನನ್ನೂ ಕಳಿಸಿದ. ಅದೇ ವರ್ಷ ಜೂನ್ 30ರ ರಾತ್ರಿ ಸ್ಪ್ಯಾನಿಷರು ಅಜ್ಟೆಕರ ರಾಜಧಾನಿ ಟೆನೊಚ್ಟಿಟ್ಲಾನ್ ನಗರದಿಂದ ಹೆಣಗಳನ್ನು ಬಿಟ್ಟು ಓಡಬೇಕಾಯಿತು. ನಗರವನ್ನು ಬಣ್ಣಿಸುವ ಆ ಪ್ರಸಿದ್ಧ ಎರಡನೆಯ ಪತ್ರದ ತಾರೀಖು 1520ರ ಅಕ್ಟೋಬರ್ 30. ಅಂದರೆ ಕೈತಪ್ಪಿಹೋದ ನಗರವನ್ನು, ರಾಜನ ಕೃಪೆ ಇನ್ನೂ ಸಿಗದ ಮನುಷ್ಯ ಬಣ್ಣಿಸುತ್ತಿದ್ದಾನೆ.

ಆ ಬಣ್ಣನೆಯಲ್ಲಿ ಏನೇನಿದೆ ನೋಡಿ. ನಗರ ಸೆವಿಲ್ ಅಥವಾ ಕಾರ್ಡೊಬಾದಷ್ಟು ದೊಡ್ಡದು. ಸಂತೆಯ ಬಯಲು ಸಲಮಾಂಕಾದ ಚೌಕದ ಎರಡರಷ್ಟು, ದಿನಕ್ಕೆ 60,000ಕ್ಕೂ ಹೆಚ್ಚು ಜನ ಕೊಡು-ಕೊಳ್ಳು ನಡೆಸುತ್ತಾರೆ. ಒಂದೊಂದು ಸರಕಿಗೂ ಬೇರೆ ಬೇರೆ ಸಾಲು, ವ್ಯಾಜ್ಯ ತೀರಿಸಲು ಸಂತೆಯಲ್ಲೇ ಕೂತ ಹತ್ತು ಹನ್ನೆರಡು ನ್ಯಾಯಾಧೀಶರು, ಅಳತೆಯಲ್ಲಿ ಮೋಸವಾಗದಂತೆ ನೋಡುವ ಮೇಲ್ವಿಚಾರಕರು. ದೊಡ್ಡ ದೇಗುಲದ ಗೋಪುರ ಸೆವಿಲ್ ಚರ್ಚಿನ ಗೋಪುರಕ್ಕಿಂತ ಎತ್ತರ. ದಾರಿಯಲ್ಲಿ ಸಿಕ್ಕ ತ್ಲಾಷ್ಕಾಲಾ ನಗರ ಗ್ರಾನಾಡಾಕ್ಕಿಂತ ದೊಡ್ಡದು, ಅದರ ಆಡಳಿತ ವೆನಿಸ್, ಜಿನೋವಾಗಳ ಹಾಗೆ. ದೇಗುಲಗಳನ್ನು ಅವನು ಕರೆಯುವುದು ಮಸೀದಿ ಎಂದು. 1492ರಲ್ಲಿ ಗ್ರಾನಾಡಾದ ಮುಸ್ಲಿಂ ರಾಜ್ಯವನ್ನು ಮುಗಿಸಿದ ಪೀಳಿಗೆಯ ಮಕ್ಕಳಿವರು. ಶ್ರೀಮಂತ, ಸುಸಂಸ್ಕೃತ, ಆದರೆ ಬೇರೆ ಧರ್ಮದ ನಗರವನ್ನು ಗೆಲ್ಲುವುದಕ್ಕೆ ಒಂದು ಅಚ್ಚು ಅವರ ಮನಸ್ಸಿನಲ್ಲಿ ಆಗಲೇ ಸಿದ್ಧವಿತ್ತು.

ಇದೇ ಪತ್ರದಲ್ಲಿ ಇನ್ನೂ ಎರಡು ಸಂಗತಿಗಳಿವೆ. ಜರ್ಮನಿಯ ಚಕ್ರವರ್ತಿ ಎನಿಸಿಕೊಳ್ಳುವಷ್ಟೇ ಅರ್ಹತೆಯಿಂದ ತಾವು ಈ ನಾಡಿನ ಚಕ್ರವರ್ತಿ ಎನಿಸಿಕೊಳ್ಳಬಹುದು ಎಂದು ಅವನು ಸ್ಪೇನಿನ ರಾಜ ಐದನೆಯ ಚಾರ್ಲ್ಸ್‌ಗೆ ಬರೆಯುತ್ತಾನೆ. ಚಾರ್ಲ್ಸ್ ಆ ಪಟ್ಟಕ್ಕೆ ಆಯ್ಕೆಯಾಗಿ ಒಂದು ವರ್ಷವಷ್ಟೇ ಕಳೆದಿತ್ತು. ಎರಡನೆಯದು ಅಜ್ಟೆಕರ ದೊರೆ ಮೊಕ್ಟೆಜುಮಾನ ಬಾಯಲ್ಲಿ ಇಟ್ಟ ಭಾಷಣ: ನಮ್ಮ ಹಿರಿಯರು ಹೊರಗಿನಿಂದ ಬಂದವರು, ಅವರನ್ನು ಕರೆತಂದ ಒಡೆಯ ಮರಳಿ ಹೋದ, ಅವನ ವಂಶದವರು ಬರುತ್ತಾರೆಂದು ಕಾಯುತ್ತಿದ್ದೆವು, ನಿಮ್ಮ ರಾಜನೇ ಆ ಒಡೆಯ, ನಾಡು ನಿಮ್ಮದು. ಮೊಕ್ಟೆಜುಮಾ ಮರ್ಯಾದೆಗೆ ಏನೋ ಹೇಳಿರಬಹುದು, ಎರಡು ಭಾಷೆ ದಾಟಿ ಅದು ಕೊರ್ಟೆಸನಿಗೆ ತಲುಪಿರಬಹುದು. ಆದರೆ ಪತ್ರದಲ್ಲಿರುವ ರೂಪ ಕಾನೂನಿಗೆ ಒಪ್ಪುವ ದಾನಪತ್ರದ ಹಾಗಿದೆ. ರಾಜ್ಯವನ್ನು ಅದರ ಒಡೆಯನೇ ಒಪ್ಪಿಸಿದ್ದರೆ ಅಲ್ಲಿನವರು ಸ್ಪೇನ್ ರಾಜನ ಪ್ರಜೆಗಳಾದರು, ಪ್ರಜೆಗಳು ಕತ್ತಿ ಎತ್ತಿದರೆ ಅದು ದಂಗೆ, ದಂಗೆ ಅಡಗಿಸುವುದು ನ್ಯಾಯದ ಯುದ್ಧ. ದಾನ ಕೊಡಲು ಕೊಡುವವನು ದೊಡ್ಡ ದೊರೆಯಾಗಿರಲೇಬೇಕು. ಹಳ್ಳಿಯ ಮುಖಂಡನೊಬ್ಬ ಸಾಮ್ರಾಜ್ಯವನ್ನು ದಾನ ಮಾಡಲಾರ. ಟೆನೊಚ್ಟಿಟ್ಲಾನ್ ನಿಜವಾಗಿಯೂ ಭವ್ಯವಾಗಿತ್ತು, ಅನುಮಾನವಿಲ್ಲ. ಆದರೆ ಆ ಭವ್ಯತೆಯನ್ನು ಅಷ್ಟು ಅಕ್ಕರೆಯಿಂದ ದಾಖಲಿಸಲು ಕೊರ್ಟೆಸನಿಗೆ ತನ್ನದೇ ಕಾರಣವಿತ್ತು.

ಕನ್ನಡಿಗರಿಗೆ ಹತ್ತಿರದ ಒಂದು ಸಮಕಾಲೀನ ಉದಾಹರಣೆ ಇದನ್ನು ಅಳೆಯಲು ನೆರವಾಗುತ್ತದೆ. ಸರಿಸುಮಾರು ಅದೇ ವರ್ಷಗಳಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯೆಸ್ ಆ ನಗರವನ್ನು ರೋಮ್‌ನಷ್ಟು ದೊಡ್ಡದು ಎಂದು ಬರೆದ. ಪೇಟೆ, ಕೆರೆ, ತೋಟ, ಸೈನ್ಯದ ವರ್ಣನೆ ಎರಡೂ ಕಡೆ ಒಂದೇ ಜಾಡಿನದು. ಆದರೆ ವಿಜಯನಗರದಲ್ಲಿ ಪೋರ್ಚುಗೀಸರಿಗೆ ಬೇಕಿದ್ದದ್ದು ಕುದುರೆ ವ್ಯಾಪಾರ ಮತ್ತು ರಾಯನ ಸ್ನೇಹ. ಹಾಗಾಗಿ ಪಯೆಸ್‌ನ ಬರಹದಲ್ಲಿ ರಾಯ ಯಾರಿಗೂ ರಾಜ್ಯ ಒಪ್ಪಿಸುವುದಿಲ್ಲ.

ಕೊರ್ಟೆಸ್ ಸಾಮ್ರಾಜ್ಯ ಎಂದದ್ದು ನಿಜವಾಗಿ ಹೇಗಿತ್ತು? ನಾವು ಅಜ್ಟೆಕ್ ಎನ್ನುವವರು ತಮ್ಮನ್ನು ಮೆಶಿಕಾ ಎಂದು ಕರೆದುಕೊಳ್ಳುತ್ತಿದ್ದರು. 1428ರಲ್ಲಿ ಅಸ್ಕಾಪೊತ್ಸಾಲ್ಕೊ ಎಂಬ ನಗರದ ಹಿಡಿತವನ್ನು ಮುರಿದು ಟೆನೊಚ್ಟಿಟ್ಲಾನ್, ತೆಶ್ಕೊಕೊ, ತ್ಲಾಕೊಪಾನ್ ನಗರಗಳು ಮಾಡಿಕೊಂಡ ಮೈತ್ರಿಕೂಟ ಇದು. ಗೆದ್ದ ನಾಡಿನ ದೊರೆಗಳನ್ನು ಸಾಮಾನ್ಯವಾಗಿ ಅವರವರ ಗದ್ದುಗೆಯಲ್ಲೇ ಬಿಟ್ಟು, ಕಪ್ಪ ವಸೂಲಿ ಮಾಡಿ, ಯುದ್ಧಕ್ಕೆ ಕರೆದಾಗ ಬರಬೇಕೆಂದು ಕಟ್ಟಳೆ ಮಾಡುತ್ತಿದ್ದರು. ಕಪ್ಪದ ಲೆಕ್ಕ ಕರಾರುವಾಕ್ಕಾಗಿತ್ತು. 1540ರ ದಶಕದ ಆರಂಭದಲ್ಲಿ ಸ್ಥಳೀಯ ಚಿತ್ರಕಾರರು ಸ್ಪ್ಯಾನಿಷರಿಗಾಗಿ ಬರೆದ, ಈಗ ಆಕ್ಸ್‌ಫರ್ಡ್‌ನ ಬೊಡ್ಲಿಯನ್ ಗ್ರಂಥಾಲಯದಲ್ಲಿರುವ ಮೆಂದೊಸಾ ಹಸ್ತಪ್ರತಿಯಲ್ಲಿ ಪ್ರಾಂತಕ್ಕೊಂದರಂತೆ ಪಟ್ಟಿಗಳಿವೆ. ಎಣಿಕೆ ಇಪ್ಪತ್ತರ ಲೆಕ್ಕದಲ್ಲಿ: ಬಾವುಟದ ಚಿತ್ರಕ್ಕೆ 20, ಗರಿಯ ಹಾಗಿನ ಗುರುತಿಗೆ 400, ಧೂಪದ ಚೀಲಕ್ಕೆ 8,000. ಈಗಿನ ಗ್ವಾಟೆಮಾಲಾ ಗಡಿಯ ಬಳಿಯ ಶೊಕೊನೊಚ್ಕೊ ಎಂಬ ದೂರದ ಪ್ರಾಂತದ ಹಾಳೆಯಲ್ಲಿ 200 ಹೊರೆ ಕೋಕೋ ಬೀಜ, 40 ಜಾಗ್ವಾರ್ ಚರ್ಮ, ಗರಿಗಳು ಮತ್ತು ಕಲ್ಲುಮಣಿಗಳು ಕಾಣುತ್ತವೆ. ಸ್ಪ್ಯಾನಿಷರು ಈ ಬಗೆಯ ಪಟ್ಟಿಗಳಿಗೆ ಬಹಳ ಬೆಲೆ ಕೊಟ್ಟರು, ಏಕೆಂದರೆ ಯಾವ ಊರನ್ನು ಯಾವ ಸೈನಿಕನಿಗೆ ಉಂಬಳಿಯಾಗಿ ಹಂಚಿದರೆ ಎಷ್ಟು ಹುಟ್ಟುವಳಿ ಎಂಬುದು ಅದರಿಂದ ಗೊತ್ತಾಗುತ್ತಿತ್ತು.

ಇಂಥ ಕೂಟದ ಬಲವೂ ದೌರ್ಬಲ್ಯವೂ ಒಂದೇ. ಕಪ್ಪ ಕೊಡುವ ಊರಿಗೆ ತನ್ನದೇ ದೊರೆ, ತನ್ನದೇ ಸೈನ್ಯ, ತನ್ನದೇ ಹಳೆಯ ಸೇಡು ಇರುತ್ತದೆ. ತ್ಲಾಷ್ಕಾಲಾ ಮೆಶಿಕಾಗಳಿಗೆ ಎಂದೂ ಸೋಲದೆ, ಅವರಿಂದ ಸುತ್ತುವರಿಯಲ್ಪಟ್ಟ ರಾಜ್ಯ. 1521ರ ಮುತ್ತಿಗೆಯಲ್ಲಿ ಸ್ಪ್ಯಾನಿಷರು ಸಾವಿರಕ್ಕೆ ಸ್ವಲ್ಪ ಕಡಿಮೆ, ಅವರ ಜೊತೆ ನಿಂತ ಸ್ಥಳೀಯ ಸೈನಿಕರು ಹತ್ತಾರು ಸಾವಿರ. 1520ರ ಕೊನೆಯಲ್ಲಿ ನಗರಕ್ಕೆ ನುಗ್ಗಿದ ಸಿಡುಬು ಹೊಸ ದೊರೆ ಕ್ವಿತ್ಲಾವಾಕ್‌ನನ್ನೂ ಕೊಂದಿತ್ತು. 1521ರ ಆಗಸ್ಟ್ 13ರಂದು ನಗರ ಬಿತ್ತು. ಸ್ಪ್ಯಾನಿಷ್ ಬರಹಗಳಲ್ಲಿ ಇದು ಬೆರಳೆಣಿಕೆಯ ವೀರರ ಗೆಲುವು. ತ್ಲಾಷ್ಕಾಲಾದವರು 16ನೆಯ ಶತಮಾನದ ಮಧ್ಯದಲ್ಲಿ ಬಟ್ಟೆಯ ಮೇಲೆ ಬರೆಸಿದ ಚಿತ್ರಮಾಲೆಯಲ್ಲಿ ಅದು ಇಬ್ಬರು ಪಾಲುದಾರರ ಗೆಲುವು. ಅವರಿಗೂ ರಾಜನಿಂದ ತೆರಿಗೆ ವಿನಾಯಿತಿ ಬೇಕಿತ್ತು ಎಂಬುದನ್ನು ನೆನಪಿಡಬೇಕು.

ಸ್ಪ್ಯಾನಿಷರಿಗೆ ನಿಜಕ್ಕೂ ಅರ್ಥವಾಗದ ವಿಷಯ ಪಟ್ಟಾಧಿಕಾರ. ಅವರ ಲೆಕ್ಕದಲ್ಲಿ ರಾಜನ ಹಿರಿಯ ಔರಸ ಪುತ್ರನೇ ವಾರಸುದಾರ. ಮೆಶಿಕಾದಲ್ಲಿ ರಾಜವಂಶದ ಯೋಗ್ಯರಲ್ಲಿ ಒಬ್ಬನನ್ನು ಹಿರಿಯರ ಕೂಟ ಆರಿಸುತ್ತಿತ್ತು, ಅಣ್ಣನ ನಂತರ ತಮ್ಮ ಬರುವುದು ಸಾಮಾನ್ಯ. ದೊರೆಯನ್ನು ಸೆರೆಹಿಡಿದರೆ ರಾಜ್ಯ ಕೈಗೆ ಬಂತು ಎಂದು ಕೊರ್ಟೆಸ್ ಎಣಿಸಿದ. ಕೆಲವು ತಿಂಗಳು ಅದು ನಡೆಯಿತು. ಆಮೇಲೆ ಜನ ಸೆರೆಯಲ್ಲಿದ್ದವನನ್ನು ಬಿಟ್ಟು ಅವನ ತಮ್ಮ ಕ್ವಿತ್ಲಾವಾಕ್‌ನನ್ನು ಆರಿಸಿಕೊಂಡರು. ಇಂಕಾ ರಾಜ್ಯದಲ್ಲೂ ಇದೇ ತಪ್ಪು ತಿಳಿವಳಿಕೆ. ಅಲ್ಲಿ ಒಡಹುಟ್ಟಿದವರಲ್ಲಿ ಯಾರು ಗಟ್ಟಿ ಎಂಬುದು ಬೆಂಬಲದ ಬಲದಿಂದ, ಕೆಲವೊಮ್ಮೆ ಯುದ್ಧದಿಂದ ತೀರ್ಮಾನವಾಗುತ್ತಿತ್ತು. ಅಣ್ಣತಮ್ಮಂದಿರಾದ ವಾಸ್ಕರ್ ಮತ್ತು ಅತಾವಾಲ್ಪಾ ಇಬ್ಬರ ಕಾಳಗವನ್ನು ಸ್ಪ್ಯಾನಿಷ್ ಬರಹಗಾರರು ನ್ಯಾಯವಾದ ವಾರಸುದಾರ ಹಾಗೂ ಅಕ್ರಮ ಮಗ ಎಂಬ ತಮ್ಮ ಚೌಕಟ್ಟಿಗೆ ಹಾಕಿದರು. ಅತಾವಾಲ್ಪಾನನ್ನು ಕೊಂದವರಿಗೆ ಅದು ಅನುಕೂಲವೂ ಆಯಿತು, ಗದ್ದುಗೆ ಕಸಿದವನನ್ನು ಕೊಂದಂತಾಯಿತಲ್ಲ.

ನರಬಲಿಯ ವಿಚಾರವನ್ನು ಬಿಟ್ಟು ಮುಂದೆ ಹೋಗುವುದು ಪ್ರಾಮಾಣಿಕವಾಗುವುದಿಲ್ಲ. ಕೊರ್ಟೆಸನ ಜೊತೆಗಿದ್ದ ಆಂದ್ರೆಸ್ ದೆ ತಾಪಿಯಾ ತಲೆಬುರುಡೆಗಳ ಚೌಕಟ್ಟಿನಲ್ಲಿ 1,36,000 ಬುರುಡೆಗಳನ್ನು ಲೆಕ್ಕಹಾಕಿದ್ದಾಗಿ ಬರೆದ. ಇದನ್ನು ಕಟ್ಟುಕಥೆ ಎಂದವರಿದ್ದರು, ಚೌಕಟ್ಟೇ ಇರಲಿಲ್ಲ ಎಂದವರೂ ಇದ್ದರು. 2015ರಲ್ಲಿ ಮೆಕ್ಸಿಕೊ ನಗರದ ಮುಖ್ಯ ಚರ್ಚಿನ ಹಿಂಭಾಗದಲ್ಲಿ ನಡೆದ ಉತ್ಖನನದಲ್ಲಿ ಆ ಚೌಕಟ್ಟಿನ ಅಡಿಪಾಯವೂ, ಬುರುಡೆಗಳನ್ನು ಸುಣ್ಣದ ಗಾರೆಯಲ್ಲಿ ಕೂರಿಸಿ ಕಟ್ಟಿದ ದುಂಡನೆಯ ಗೋಪುರವೂ ಸಿಕ್ಕವು. ಈವರೆಗೆ 600ಕ್ಕೂ ಹೆಚ್ಚು ಬುರುಡೆಗಳು ಹೊರಬಂದಿವೆ, ಅವುಗಳಲ್ಲಿ ಹೆಂಗಸರದೂ ಮಕ್ಕಳದೂ ಇವೆ. ಅಲ್ಲಿಗೆ ಆಚರಣೆ ನಿಜ, ವಸ್ತುವಿನ ವರ್ಣನೆ ಸರಿ, ಅಂಕಿ ಉಬ್ಬಿಸಿದ್ದು. ಈ ಬರಹಗಳ ಬಹುಪಾಲು ಸಂಗತಿಗಳಿಗೆ ಇದೇ ಅಳತೆ ಹೊಂದುತ್ತದೆ: ಕಣ್ಣಾರೆ ಕಂಡ ವಸ್ತು, ಕಟ್ಟಡ, ಕ್ರಮಗಳ ವಿಷಯದಲ್ಲಿ ಅವರು ಆಶ್ಚರ್ಯವಾಗುವಷ್ಟು ನಿಖರ, ಶತ್ರುವಿನ ಎಣಿಕೆ ಬಂದಾಗ ಕೈ ಸಡಿಲ.

ಇನ್ನು ಪೆರು. 1532ರ ನವೆಂಬರ್ 16ರಂದು ಕಾಹಾಮಾರ್ಕಾದ ಚೌಕದಲ್ಲಿ ಫ್ರಾನ್ಸಿಸ್ಕೊ ಪಿಸಾರೊನ 168 ಜನ ಅತಾವಾಲ್ಪಾನನ್ನು ಸೆರೆಹಿಡಿದರು. ಅದಕ್ಕೆ ಮುಂಚೆ ಪಾದ್ರಿ ವಾಲ್ವೆರ್ದೆ ಮುಂದೆ ಬಂದು ಕ್ರೈಸ್ತ ಧರ್ಮವನ್ನೂ ರಾಜನ ಅಧಿಕಾರವನ್ನೂ ಒಪ್ಪುವಂತೆ ಹೇಳಿದ್ದು ಬರಿಯ ಭಕ್ತಿಯಿಂದಲ್ಲ. 1513ರಿಂದ ಸ್ಪೇನ್ ಒಂದು ನಿಯಮ ಮಾಡಿತ್ತು: ಯುದ್ಧಕ್ಕೆ ಮುನ್ನ ಶರಣಾಗತಿಯ ಕರೆಯನ್ನು ಓದಿ ಹೇಳಬೇಕು, ಒಪ್ಪದಿದ್ದರೆ ಆಗುವ ಸಾವುನೋವಿಗೆ ಒಪ್ಪದವರೇ ಹೊಣೆ, ಓದಿದ್ದಕ್ಕೆ ನೋಟರಿ ದಾಖಲೆ ಬರೆಯಬೇಕು. ಕೇಳುವವರಿಗೆ ಅರ್ಥವಾಯಿತೋ ಇಲ್ಲವೋ ಎಂಬುದಕ್ಕೆ ದಾಖಲೆಯಲ್ಲಿ ಜಾಗವಿರಲಿಲ್ಲ.

ಬಿಡುಗಡೆಯ ಹಣವಾಗಿ ಒಂದು ಕೋಣೆಯನ್ನು ಒಮ್ಮೆ ಚಿನ್ನದಿಂದ, ಎರಡು ಬಾರಿ ಬೆಳ್ಳಿಯಿಂದ ತುಂಬಿಸಿಕೊಡುವುದಾಗಿ ಅತಾವಾಲ್ಪಾ ಒಪ್ಪಿ, ಕೊಡಿಸಿದ. ಬಂದ ವಸ್ತುಗಳನ್ನು ಕುಲುಮೆಗೆ ಹಾಕಿದಾಗ ಸುಮಾರು 6 ಟನ್ ಚಿನ್ನ, 12 ಟನ್‌ನಷ್ಟು ಬೆಳ್ಳಿ. ಒಬ್ಬ ಸಾಮಾನ್ಯ ಕುದುರೆ ಸವಾರನ ಪಾಲು 8,880 ಪೆಸೊ ಚಿನ್ನ, ಕಾಲಾಳಿಗೆ ಹೆಚ್ಚುಕಡಿಮೆ ಅದರ ಅರ್ಧ. ಇಷ್ಟು ನಿಖರ ಅಂಕಿ ಏಕೆ ಉಳಿದಿದೆ ಎಂದರೆ ಐದನೇ ಒಂದು ಪಾಲು ರಾಜನದು, ನೋಟರಿ ಪ್ರತಿ ಗಟ್ಟಿಯನ್ನೂ ಬರೆಯಲೇಬೇಕಿತ್ತು. ಕರಗಿದ ಕಲಾಕೃತಿಗಳ ವಿವರ ಬರೆಯುವ ಹಂಗು ಯಾರಿಗೂ ಇರಲಿಲ್ಲ, ಹಾಗಾಗಿ ಅದರಲ್ಲಿ ಬಹುಪಾಲು ಶಾಶ್ವತವಾಗಿ ಹೋಯಿತು. ಇಡೀ ಆಕ್ರಮಣದ ಕಾಗದಪತ್ರಗಳಲ್ಲಿ ನನಗೆ ಅತ್ಯಂತ ನೋವು ಕೊಡುವ ಕೊರತೆ ಇದು. ಹಣ ತಲುಪಿದ ಮೇಲೂ, 1533ರ ಜುಲೈ 26ರಂದು ಅತಾವಾಲ್ಪಾನ ಕತ್ತು ಬಿಗಿದು ಕೊಂದರು.

ಇಂಕಾ ನಾಡು ಅಜ್ಟೆಕ್ ಕೂಟದಂತಿರಲಿಲ್ಲ. ತವಾಂತಿನ್‌ಸುಯು ಎಂದು ಅವರು ಕರೆದ ಈ ನಾಲ್ಕು ಭಾಗಗಳ ರಾಜ್ಯ ಈಗಿನ ಕೊಲಂಬಿಯಾದ ಅಂಚಿನಿಂದ ಚಿಲಿಯ ನಡುಭಾಗದವರೆಗೆ ಹಬ್ಬಿತ್ತು. ಮನೆಗಳನ್ನು ಹತ್ತು, ನೂರು, ಸಾವಿರ, ಹತ್ತು ಸಾವಿರದ ಗುಂಪುಗಳಾಗಿ ಎಣಿಸಿ ಪ್ರತಿ ಗುಂಪಿಗೂ ಹೊಣೆಗಾರನನ್ನು ಇಡುತ್ತಿದ್ದರು. ಇಡೀ ಊರುಗಳನ್ನೇ ಎತ್ತಿ ಬೇರೆ ಸೀಮೆಯಲ್ಲಿ ನೆಲೆಗೊಳಿಸುತ್ತಿದ್ದರು. 30,000 ಕಿಲೋಮೀಟರಿಗೂ ಹೆಚ್ಚಿನ ರಸ್ತೆಜಾಲ, ಅದರ ಉದ್ದಕ್ಕೂ ತಂಗುದಾಣ ಮತ್ತು ಕಣಜಗಳು. ವಾನುಕೊ ಪಂಪಾ ಎಂಬ ಒಂದೇ ಆಡಳಿತ ಕೇಂದ್ರದಲ್ಲಿ ಸುಮಾರು 500 ಕಣಜಗಳ ಅಡಿಪಾಯ ಇಂದಿಗೂ ಇದೆ, ಬೊಲಿವಿಯಾದ ಕೊತಪಾಚಿಯಲ್ಲಿ 2,400.

ಮೊದಲು ಬಂದವರು ಇದನ್ನು ಕಂಡು ಬೆರಗಾದರು. ಪಿಸಾರೊನ ಕಾರ್ಯದರ್ಶಿ ಪೆದ್ರೊ ಸಾಂಚೊ 1534ರಲ್ಲಿ ಬರೆದದ್ದು: ಇಂಕಾ ರಾಜಧಾನಿ ಕುಸ್ಕೊ ನಗರ ಸ್ಪೇನಿನಲ್ಲಿದ್ದರೂ ನೋಡಲು ಯೋಗ್ಯ, ಅದರ ಮೇಲಿನ ಕೋಟೆಯ ಕಲ್ಲುಗಳ ಮುಂದೆ ಸೆಗೊವಿಯಾದ ರೋಮನ್ ಸೇತುವೆಯೂ ಸಾಟಿಯಲ್ಲ. ಫ್ರಾನ್ಸಿಸ್ಕೊ ಪಿಸಾರೊನ ತಮ್ಮ ಎರ್ನಾಂದೊ ಪಿಸಾರೊ 1533ರ ಪತ್ರದಲ್ಲಿ ಇಂಥ ಗುಡ್ಡಗಾಡಿನಲ್ಲಿ ಇಂಥ ರಸ್ತೆ ಕ್ರೈಸ್ತ ನಾಡುಗಳಲ್ಲೆಲ್ಲೂ ಇಲ್ಲ ಎಂದ. ಅದೇ ಪತ್ರದಲ್ಲಿ ಒಂದು ಚಿಕ್ಕ ವಿವರವಿದೆ, ನನ್ನ ಮಟ್ಟಿಗೆ ಅದು ಚಿನ್ನಕ್ಕಿಂತ ಬೆಲೆಯುಳ್ಳದ್ದು. ಸ್ಪ್ಯಾನಿಷರು ಕಣಜದಿಂದ ಸೌದೆ, ಮೆಕ್ಕೆಜೋಳ, ಲಾಮಾ ಎಂಬ ಸಾಕುಪ್ರಾಣಿಗಳನ್ನು ತೆಗೆದುಕೊಂಡಾಗ ಕಾವಲಿನವರು ತಮ್ಮ ಬಳಿಯ ದಾರಗಳಲ್ಲಿ ಒಂದು ಕಡೆಯ ಗಂಟು ಬಿಚ್ಚಿ ಇನ್ನೊಂದು ಕಡೆ ಗಂಟು ಹಾಕಿದರಂತೆ. ಇದೇ ಕಿಪು. ಮುಖ್ಯ ದಾರದಿಂದ ಇಳಿಬಿಟ್ಟ ಬಣ್ಣಬಣ್ಣದ ದಾರಗಳು, ಹತ್ತರ ಲೆಕ್ಕದಲ್ಲಿ ಗಂಟುಗಳು: ಬಿಡಿ ಅಂಕಿ ದಾರದ ತುದಿಯ ಬಳಿ, ಹತ್ತು, ನೂರು, ಸಾವಿರ ಒಂದರ ಮೇಲೊಂದು. ಎರ್ನಾಂದೊಗೆ ಅರ್ಥವಾಗದಿದ್ದರೂ ಅವನು ಕಂಡದ್ದು ಜಮೆ-ಖರ್ಚಿನ ಲೆಕ್ಕ. ದರೋಡೆ ನಡೆಯುತ್ತಿದ್ದಾಗಲೂ ಇಂಕಾ ಶಾನುಭೋಗ ತನ್ನ ಲೆಕ್ಕ ಬಿಟ್ಟಿರಲಿಲ್ಲ.

ಬೆರಗು ಒಂದು, ತಿಳಿವಳಿಕೆ ಇನ್ನೊಂದು. ತಿಳಿಯುವ ಅಗತ್ಯ ಬಂದದ್ದು ತೆರಿಗೆ ಕಟ್ಟುವಾಗ. ಇಲ್ಲಿ ಪೋಲೊ ದೆ ಒಂದೆಗಾರ್ದೊ ಎಂಬ ವಕೀಲ ಅಧಿಕಾರಿಯನ್ನು ಓದಲೇಬೇಕು. 1558ರಿಂದ ಕೆಲವು ವರ್ಷ ಕುಸ್ಕೊದ ಆಡಳಿತಾಧಿಕಾರಿಯಾಗಿದ್ದ ಈತ ಇಂಕಾ ದೊರೆಗಳ ಕಾಪಿಟ್ಟ ದೇಹಗಳನ್ನು ಹುಡುಕಿ ವಶಪಡಿಸಿಕೊಂಡವನೂ ಹೌದು, ಇಂಕಾ ತೆರಿಗೆ ಪದ್ಧತಿಯನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವನೂ ಹೌದು. ಅವನು ಕಂಡುಕೊಂಡದ್ದು ಇಷ್ಟು. ಹೊಲಗಳು ಸೂರ್ಯದೇವನದು, ಇಂಕಾನದು (ಅಂದರೆ ದೊರೆಯದು), ಊರಿನದು ಎಂದು ಮೂರು ಪಾಲು. ಮನೆಯವರು ಮೊದಲೆರಡು ಪಾಲನ್ನು ಉತ್ತು ಬಿತ್ತಿ ಕೊಯ್ದು ಕಣಜ ತುಂಬಿಸುತ್ತಿದ್ದರು. ಆಲಿಕಲ್ಲು ಬಿದ್ದು ಇಂಕಾನ ಬೆಳೆ ಹೋದರೆ ನಷ್ಟ ಇಂಕಾನದು, ತಮ್ಮ ಹೊಲದಿಂದ ತುಂಬಿಕೊಡಬೇಕಾಗಿರಲಿಲ್ಲ. ಬಟ್ಟೆ ನೇಯಬೇಕಾದರೆ ಉಣ್ಣೆ ಸರ್ಕಾರದ್ದು. ಸರದಿಯ ಕೆಲಸಕ್ಕೆ ಹೋದವರಿಗೆ ಊಟ, ಜೋಳದ ಮದ್ಯ, ಕೋಕಾ ಎಲೆ ಕೊಡುವುದು ದೊರೆಯ ಕರ್ತವ್ಯ. ಒಟ್ಟಿನಲ್ಲಿ ಪ್ರಜೆ ಕೊಡುತ್ತಿದ್ದದ್ದು ದುಡಿಮೆ, ತನ್ನ ಮನೆಯ ಸರಕನ್ನಲ್ಲ.

ಸ್ಪ್ಯಾನಿಷ್ ಉಂಬಳಿದಾರರು ಇದನ್ನು ತಲೆಕೆಳಗು ಮಾಡಿದರು. ಊರಿಗೆ ಇಷ್ಟು ಜೋಳ, ಇಷ್ಟು ಬಟ್ಟೆ, ಇಷ್ಟು ಪೆಸೊ ಎಂದು ನಿಗದಿಯಾಯಿತು. ಬೆಳೆ ಹೋದರೆ ನಷ್ಟ ಈಗ ರೈತನದು. ರೋಗ ಬಂದು ಜನ ಸತ್ತರೂ ಮರು ಎಣಿಕೆ ಆಗುವವರೆಗೆ ಉಳಿದವರು ಸತ್ತವರ ಪಾಲನ್ನೂ ತೆರಬೇಕು. ಇನ್ನೊಂದು ದೊಡ್ಡ ಹೊಡೆತ ಭೂಪಟದಿಂದ ಬಂತು. ಆಂಡಿಸ್‌ನ ಎತ್ತರದ ಊರುಗಳು ಆಲೂಗಡ್ಡೆ ಬೆಳೆದು, ಲಾಮಾ ಸಾಕಿ, ಜೋಳಕ್ಕೂ ಕೋಕಾಕ್ಕೂ ಕೆಳಗಿನ ಬೆಚ್ಚನೆಯ ಕಣಿವೆಗಳಲ್ಲಿ ತಮ್ಮವರನ್ನೇ ನೆಲೆಗೊಳಿಸುತ್ತಿದ್ದವು. ಮೇಲಿನ ಊರು ಒಬ್ಬನಿಗೆ, ಕೆಳಗಿನ ಕಣಿವೆ ಇನ್ನೊಬ್ಬನಿಗೆ ಉಂಬಳಿಯಾದಾಗ ಆ ಕೊಂಡಿ ಕಡಿಯಿತು. ಎತ್ತರದವರಿಗೆ ಜೋಳವಿಲ್ಲ, ಆದರೆ ತೆರಿಗೆ ಪಟ್ಟಿಯಲ್ಲಿ ಜೋಳವಿದೆ. ಪೋಲೊ ಇದನ್ನು ನೇರವಾಗಿ ಟೀಕಿಸಿದ. ಅವನ ವಾದ ಕರುಣೆಯದಕ್ಕಿಂತ ಆಡಳಿತದ್ದು: ಅವರ ಪದ್ಧತಿ ತಿಳಿಯದೆ ಕೈಹಾಕಿದರೆ ಜನರೂ ಹಾಳು, ರಾಜನ ಆದಾಯವೂ ಹಾಳು.

ಸರದಿ ದುಡಿಮೆಯ ಹೆಸರು ಮಿತಾ. ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ 1570ರ ದಶಕದಲ್ಲಿ ಅದನ್ನು ಪೊತೊಸಿಯ ಬೆಳ್ಳಿ ಗಣಿಗೆ ತಿರುಗಿಸಿದ. 16 ಪ್ರಾಂತಗಳಿಂದ ವಯಸ್ಕ ಗಂಡಸರಲ್ಲಿ ಏಳರಲ್ಲೊಂದು ಪಾಲು, ವರ್ಷಕ್ಕೆ ಸುಮಾರು 13,500 ಜನ. ಹೆಸರೂ ಸರದಿಯೂ ಇಂಕಾ ಕಾಲದ್ದೇ ಉಳಿದವು, ದೊರೆ ತಿರುಗಿ ಕೊಡಬೇಕಾದ ಊಟ-ಉಪಚಾರದ ಅರ್ಧ ಭಾಗ ಮಾತ್ರ ಬಿದ್ದುಹೋಯಿತು. ಇಂಕಾಗಳ ಕೈಯಲ್ಲೂ ಇದು ಸಿಹಿಯಾದ ವ್ಯವಸ್ಥೆಯೇನಲ್ಲ. ಬಲವಂತ ಇತ್ತು, ದಂಗೆಗಳಾಗಿದ್ದವು, ದಂಗೆಯೆದ್ದವರ ಸಾಮೂಹಿಕ ಕೊಲೆಗಳಾಗಿದ್ದವು. ಜೌಹಾ ಕಣಿವೆಯ ವಾಂಕಾ ಜನ ಪಿಸಾರೊ ಬಂದೊಡನೆ ಅವನ ಕಡೆ ಸೇರಿದ್ದು ಸುಮ್ಮನೆ ಅಲ್ಲ.

ತೊಲೆದೊನ ಹೆಸರು ಬಂದದ್ದರಿಂದ, ಹೊಗಳಿಕೆ ತೆಗಳಿಕೆಯಾಗಿ ತಿರುಗಿದ ಗಳಿಗೆಯನ್ನು ನೋಡಬೇಕು. 1539ರಲ್ಲಿ ಸಲಮಾಂಕಾದ ಪ್ರಾಧ್ಯಾಪಕ ಫ್ರಾನ್ಸಿಸ್ಕೊ ದೆ ವಿತೋರಿಯಾ, ಅಮೆರಿಕದ ಮೂಲನಿವಾಸಿಗಳು ಸ್ಪ್ಯಾನಿಷರು ಬರುವ ಮುನ್ನ ತಮ್ಮ ನೆಲದ ನಿಜವಾದ ಒಡೆಯರಾಗಿದ್ದರು ಎಂದು ಉಪನ್ಯಾಸದಲ್ಲಿ ವಾದಿಸಿದ್ದ. 1550-51ರಲ್ಲಿ ವಾಯಾದೊಲಿದ್‌ನಲ್ಲಿ ವಿದ್ವಾಂಸ ಸೆಪುಲ್ವೆದಾ ಮತ್ತು ಪಾದ್ರಿ ಲಾಸ್ ಕಾಸಾಸ್ ವಿದ್ವತ್ಸಭೆಯ ಮುಂದೆ ಎದುರುಬದುರಾದರು. ಮನೆ ಕಟ್ಟುವುದು, ವ್ಯಾಪಾರ ಮಾಡುವುದು ಇವರು ಕರಡಿ-ಕೋತಿಗಳಲ್ಲ ಎಂಬುದಕ್ಕಷ್ಟೇ ಸಾಕ್ಷಿ ಎಂಬುದು ಸೆಪುಲ್ವೆದಾನ ವಾದ. ಅವನು ಅಮೆರಿಕಕ್ಕೆ ಕಾಲಿಟ್ಟವನೇ ಅಲ್ಲ. ಹತ್ತಾರು ವರ್ಷ ಅಲ್ಲಿ ಬಾಳಿದ ಲಾಸ್ ಕಾಸಾಸ್ ಅವರ ನಗರ, ನ್ಯಾಯ, ಆಡಳಿತಗಳನ್ನು ಗ್ರೀಕ್, ರೋಮನ್ನರ ಪಕ್ಕದಲ್ಲಿಟ್ಟು ತೂಗಿದ. ಆ ಸಭೆ ಸ್ಪಷ್ಟ ತೀರ್ಪು ಕೊಡಲಿಲ್ಲ. ಆದರೆ ಇಂಕಾಗಳು ನ್ಯಾಯವಾದ ದೊರೆಗಳಾಗಿದ್ದರೆ ಸ್ಪೇನಿನ ಹಕ್ಕು ಯಾವುದು ಎಂಬ ಮುಳ್ಳು ಹಾಗೇ ಉಳಿಯಿತು.

ತೊಲೆದೊ ಆ ಮುಳ್ಳನ್ನು ಕೀಳಹೊರಟ. 1570ರಿಂದ 1572ರವರೆಗೆ ಊರೂರಿನಲ್ಲಿ ಸುಮಾರು 200 ಹಿರಿಯರನ್ನು ಪ್ರಮಾಣ ಮಾಡಿಸಿ ವಿಚಾರಿಸಿದ. ಪ್ರಶ್ನೆಗಳು ಮೊದಲೇ ತಯಾರು, ಇಂಕಾಗಳು ಬರುವ ಮುಂಚೆ ನಿಮಗೆ ಒಡೆಯರಿರಲಿಲ್ಲ, ಅವರು ಬಲದಿಂದ ಗೆದ್ದರು, ನಿಜವೇ ಎಂಬ ಧಾಟಿಯವು. ಉತ್ತರ ಬಹುತೇಕ ಹೌದು. ಅದರ ಮೇಲೆ ಸಾರ್ಮಿಯೆಂತೊ ದೆ ಗಂಬೊವಾ 1572ರಲ್ಲಿ ಇಂಕಾ ಇತಿಹಾಸ ಬರೆದ. ಅದರಲ್ಲಿ ಇಂಕಾಗಳು ಮೊದಲಿಂದ ಕೊನೆಯವರೆಗೆ ದಬ್ಬಾಳಿಕೆಗಾರರು, ಗದ್ದುಗೆ ಕಸಿದವರು. ಬರೆದುದನ್ನು ಕುಸ್ಕೊದ 42 ಇಂಕಾ ವಂಶಸ್ಥರ ಮುಂದೆ ಓದಿ ಒಪ್ಪಿಗೆಯನ್ನೂ ಪಡೆದರು. ಅದೇ ವರ್ಷ ವಿಲ್ಕಾಬಂಬಾದಲ್ಲಿ ಉಳಿದಿದ್ದ ಕೊನೆಯ ಇಂಕಾ ತೂಪಾಕ್ ಅಮಾರುವನ್ನು ಹಿಡಿದು ತಂದು ಕುಸ್ಕೊದ ಚೌಕದಲ್ಲಿ ತಲೆ ಕಡಿದರು. ಕೊರ್ಟೆಸನಿಗೆ ದಾನ ಕೊಡಬಲ್ಲ ದೊಡ್ಡ ದೊರೆ ಬೇಕಿದ್ದ, ತೊಲೆದೊನಿಗೆ ಹಕ್ಕೇ ಇಲ್ಲದ ದಬ್ಬಾಳಿಕೆಗಾರ ಬೇಕಿದ್ದ. ಹಾಗೆಂದು ಸಾರ್ಮಿಯೆಂತೊನ ಪುಸ್ತಕವನ್ನು ಎಸೆಯಬಾರದು. ವಂಶಾವಳಿ, ಯುದ್ಧಗಳ ಕ್ರಮದ ವಿಷಯದಲ್ಲಿ ಅದು ಇಂದಿಗೂ ನಮಗಿರುವ ಒಳ್ಳೆಯ ಆಕರಗಳಲ್ಲೊಂದು.

ದೇವರೆಂದು ನಂಬಿದ್ದರೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಚಿಕ್ಕದು. ಕ್ವೆಟ್ಸಲ್‌ಕೊಆತ್ಲ್ ದೇವರು ಮರಳಿ ಬಂದನೆಂದು ಮೊಕ್ಟೆಜುಮಾ ಹೆದರಿದ ಎಂಬ ಕಥೆ ಎಲ್ಲೆಡೆ ಇದೆ, ಆದರೆ ಕೊರ್ಟೆಸನ ಪತ್ರಗಳಲ್ಲಿ ಆ ದೇವರ ಹೆಸರೇ ಇಲ್ಲ. ಕಥೆ ಮೈದುಂಬಿಕೊಂಡದ್ದು ದಶಕಗಳ ನಂತರ, ಪಾದ್ರಿಗಳ ಮತ್ತು ಅವರ ಬಳಿ ಕಲಿತ ಸ್ಥಳೀಯರ ಬರಹಗಳಲ್ಲಿ. 1519ರ ಸೆಪ್ಟೆಂಬರಿನಲ್ಲೇ ತ್ಲಾಷ್ಕಾಲಾದವರು ಸ್ಪ್ಯಾನಿಷರ ಮೇಲೆ ಯುದ್ಧ ಹೂಡಿ ಕುದುರೆಗಳನ್ನು ಕೊಂದಿದ್ದರು. ಇವರು ಸಾಯುವ ಮನುಷ್ಯರು ಎಂಬುದು ಆ ಹೊತ್ತಿಗೇ ಎಲ್ಲರಿಗೂ ಗೊತ್ತಿತ್ತು.

ಇನ್ನು ನಂಬುವುದು ಎಷ್ಟು? ಓದುವಾಗ ಮೊದಲು ತಾರೀಖು ನೋಡಿ. ಕೊರ್ಟೆಸನ ಸೈನಿಕ ಬರ್ನಾಲ್ ದಿಯಾಸ್‌ನ ಪ್ರಸಿದ್ಧ ನೆನಪುಗಳು ಘಟನೆಯಾಗಿ ನಾಲ್ಕೈದು ದಶಕಗಳ ಮೇಲೆ ಬರೆದವು, ಅಚ್ಚಾದದ್ದು 1632ರಲ್ಲಿ. ಆಮೇಲೆ ದಾಖಲೆಯ ಜಾತಿ ನೋಡಿ. ಸೈನಿಕರು ಉಂಬಳಿ ಕೇಳಲು ಸಲ್ಲಿಸುತ್ತಿದ್ದ ಸೇವಾ-ಸಾಕ್ಷ್ಯಪತ್ರಗಳಲ್ಲಿ ಅರ್ಜಿದಾರನೇ ಪ್ರಶ್ನೆಪಟ್ಟಿ ಬರೆದು, ತನ್ನ ಗೆಳೆಯರನ್ನೇ ಸಾಕ್ಷಿಗೆ ಕರೆತಂದು, ನೋಟರಿಯ ಮುಂದೆ ಹೌದೆನ್ನಿಸುತ್ತಿದ್ದ. ಇಂಥವುಗಳಲ್ಲಿ ಶತ್ರುಗಳು ಸದಾ ಲಕ್ಷಗಟ್ಟಲೆ, ಸ್ಥಳೀಯ ಮಿತ್ರರು ಸದಾ ಮಾಯ. ತೆರಿಗೆ ತಪಾಸಣೆಯ ವರದಿಗಳು ಇವಕ್ಕಿಂತ ಗಟ್ಟಿ, ಅಲ್ಲಿ ಸುಳ್ಳು ಅಂಕಿ ಬರೆದರೆ ರಾಜನಿಗೇ ನಷ್ಟ. ಆದರೆ ಊರಿನವರು ಜನರನ್ನು ಬಚ್ಚಿಟ್ಟು ಕಡಿಮೆ ತೋರಿಸುವುದೂ ಇತ್ತು, ಆ ಕೊರತೆಯನ್ನು ಮನಸ್ಸಿನಲ್ಲಿಡಬೇಕು. ಉಯಿಲುಗಳಿಗೂ ಇದೇ ಎಚ್ಚರ ಬೇಕು. ಪೆರುವನ್ನು ಗೆದ್ದವರಲ್ಲಿ ಬಹಳ ಕಾಲ ಬದುಕಿದ್ದ ಮಾನ್ಸಿಯೊ ಸೆರ್ರಾ 1589ರ ಉಯಿಲಿನಲ್ಲಿ, ಇಂಕಾಗಳ ಆಳ್ವಿಕೆಯಲ್ಲಿ ಕಳ್ಳನಾಗಲಿ ಸೋಮಾರಿಯಾಗಲಿ ಇರಲಿಲ್ಲ, ನಾವು ಬಂದು ಅದನ್ನು ಕೆಡಿಸಿದೆವು ಎಂದು ರಾಜನಿಗೆ ಹೇಳುತ್ತಾನೆ. ಅಷ್ಟು ನಿಷ್ಕಳಂಕವಾದ ರಾಜ್ಯ ಭೂಮಿಯ ಮೇಲೆ ಎಲ್ಲೂ ಇರಲಾರದು. ಸಾವಿನ ಮುಂದೆ ಪಾಪ ಇಳಿಸಿಕೊಳ್ಳಲು ಬರೆದದ್ದೆಂದು ನಾನು ಓದುತ್ತೇನೆ, ಪಶ್ಚಾತ್ತಾಪವನ್ನು ನಂಬುತ್ತೇನೆ, ವರ್ಣನೆಯನ್ನು ಪೂರ್ತಿ ನಂಬುವುದಿಲ್ಲ.

ಕೊನೆಯದಾಗಿ, ಸಾಧ್ಯವಾದಲ್ಲೆಲ್ಲ ಸ್ಥಳೀಯರ ದಾಖಲೆಯನ್ನು ಪಕ್ಕದಲ್ಲಿಡಿ. ಮೇಲೆ ಹೇಳಿದ ವಾಂಕಾ ನಾಯಕರು 1558ರಲ್ಲೂ 1561ರಲ್ಲೂ ಲಿಮಾದ ನ್ಯಾಯಾಲಯಕ್ಕೆ ಬಂದು, 1533ರಿಂದ ಸ್ಪ್ಯಾನಿಷರಿಗೆ ತಾವು ಕೊಟ್ಟದ್ದನ್ನೆಲ್ಲ ಕಿಪು ಹಿಡಿದು ಓದಿ ಹೇಳಿದರು: ಹೊರೆಯಾಳುಗಳು ಇಷ್ಟು, ಲಾಮಾ ಇಷ್ಟು, ಬಟ್ಟೆ, ಜೋಳ, ಆಲೂಗಡ್ಡೆ, ಚಪ್ಪಲಿ, ಸೌದೆ, ಹುಲ್ಲು ಇಷ್ಟಿಷ್ಟು. ತಾವಾಗಿ ಕೊಟ್ಟದ್ದು ಬೇರೆ, ಸ್ಪ್ಯಾನಿಷರು ಕಿತ್ತುಕೊಂಡದ್ದು ಬೇರೆ. ಸಾಲದ ಬಾಬ್ತು ತಿರುಗಿ ಕೊಡಿ ಎಂಬುದು ಅವರ ಬೇಡಿಕೆ. ಅಕ್ಷರವಿಲ್ಲದವರೆಂದು ಇವರನ್ನು ಕರೆದ ಅದೇ ಆಡಳಿತದ ಗುಮಾಸ್ತರು ದಾರದಿಂದ ಓದಿದ ಒಂದೊಂದು ಅಂಕಿಯನ್ನೂ ಕಾಗದಕ್ಕಿಳಿಸಿ ಸಾಕ್ಷ್ಯವಾಗಿ ಕಡತಕ್ಕೆ ಸೇರಿಸಿದರು. ಆಕ್ರಮಣದ ಖರ್ಚನ್ನು ಯಾರು ಹೊತ್ತರು ಎಂದು ತಿಳಿಯಲು ಇಂದು ಇತಿಹಾಸಕಾರರು ಬಳಸುವ ಮುಖ್ಯ ದಾಖಲೆಗಳಲ್ಲಿ ಆ ಕಡತವೂ ಒಂದು.